ಕಳಿಸಿದವರ ಹೆಸರಿಲ್ಲದ ಮಾತು

ಚನ್ನಗಿರಿ,
9-8-2021, ಸೋಮವಾರ

ಪ್ರೀತಿಯ ಪ್ರಮೀಳಾ,

ಕಾಗದ ಬರೆಯುವ ಅಭ್ಯಾಸ ತಪ್ಪಿ ಎಷ್ಟು ವರ್ಷವಾಯಿತೋ, ಎರಡು ಹಾಳೆ ಹರಿದು ಹಾಕಿ ಇದು ಮೂರನೆಯದು. ಇವತ್ತು ಶ್ರಾವಣದ ಮೊದಲ ಸೋಮವಾರ. ಪೂಜೆ ಮುಗಿಸಿ ಕೂತವಳು ಇನ್ನೂ ತಿಂಡಿ ತಿಂದಿಲ್ಲ. ನಿನ್ನ ಯಜಮಾನರು ಷಣ್ಮುಖಪ್ಪನವರು ತೀರಿಹೋಗಿ ಇವತ್ತಿಗೆ ಎಂಬತ್ತೊಂಬತ್ತು ದಿನ. ಇಷ್ಟು ದಿನ ಒಂದು ಅಕ್ಷರ ಬರೆಯದೆ, ಒಮ್ಮೆ ಬಂದು ನಿನ್ನ ಪಕ್ಕ ಕೂರದೆ ಇದ್ದವಳು ಯಾವ ಮುಖ ಇಟ್ಟುಕೊಂಡು ಕ್ಷಮಿಸು ಅನ್ನಲಿ? ಮೊದಲು ಲಾಕ್‌ಡೌನ್ ಇತ್ತು, ಬಸ್ಸಿರಲಿಲ್ಲ, ಅದು ನಿಜ. ಆದರೆ ಬಸ್ಸು ಬಿಟ್ಟು ತಿಂಗಳ ಮೇಲಾಯಿತು. ಹೆದರಿ ಬರಲಿಲ್ಲ ಕಣೇ. ಕಾಯಿಲೆಗೆ ಹೆದರಿ ಅಲ್ಲ, ನಿನಗೆ ಹೆದರಿ.

ಹೋದ ಗುರುವಾರ ನಿನ್ನ ಮಗ ಪ್ರವೀಣ ಫೋನ್ ಮಾಡಿದ್ದ. "ದೊಡ್ಡಮ್ಮಾ, ಅಮ್ಮ ನನ್ನ ಕೂಡೆ ಮಾತಾಡಿ ಮೂರು ತಿಂಗಳಾತು. ಅಪ್ಪಾಜಿನ ಆಸ್ಪತ್ರೆಗೆ ಕರ್ಕಂಡು ಹೋಗಿ ನಾನೇ ಕೊಂದೆ ಅಂತ ಆಕೆ ಮನಸ್ನಾಗೆ ಕುಂತೈತೆ. ಫೋನ್ ಬೀರುನಾಗಿಟ್ಟು ಬೀಗ ಹಾಕ್ಯಾಳೆ. ಸಕ್ಕರೆ ನೋಡಿದ್ರೆ ಮುನ್ನೂರರ ಹತ್ರ ಐತೆ. ಕೊರೊನಾ ಇಂಜೆಕ್ಷನ್ ಹಾಕಿಸ್ಕಳಮ್ಮ ಅಂದ್ರೆ, 'ಸಕ್ಕರೆ ಇದ್ದೋರು ಹಾಕಿಸ್ಕಬಾರ್ದು ಅಂತ ನಿರ್ಮಲಾ ಹೇಳ್ಯಾಳೆ' ಅಂತ ನಿಮ್ಮ ಹೆಸ್ರು ತಗಂಡು ಗ್ವಾಡೆ ನೋಡ್ಕಂಡು ಹೇಳ್ತಾಳೆ. ಇನ್ನೊಂದು ಅಲೆ ಬರ್ತೈತೆ ಅಂತಾರೆ. ಅಪ್ಪಾಜಿ ಅಂತೂ ಹೋದ್ರು, ಈಕೆನೂ ಹಿಂಗೆ ಕುಂತ್ರೆ ನಾನೇನು ಮಾಡ್ಲಿ? ನೀವು ಒಂದು ಮಾತು ಹೇಳ್ರಿ. ಆಕೆ ಕೇಳೋದು ನಿಮ್ಮ ಮಾತೊಂದೇ."

ಅವನ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನನ್ನ ಫೋನನ್ನು ಅಮ್ಮನ ಕಿವಿಗೆ ಹಿಡೀತೀನಿ, ಹೇಳಿಬಿಡ್ರಿ ಅಂದ. ಬೇಡ ಅಂದೆ. ನನ್ನ ದನಿಯಿಂದ ಆದ ಕೇಡು ಸಾಕು, ಈ ಸಲ ಕೈಬರಹದಲ್ಲೇ ಹೇಳುತ್ತೇನೆ ಎಂದು ತೀರ್ಮಾನಿಸಿದೆ. ಹಾಗಾಗಿ ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳುತ್ತೇನೆ, ಮುಂದಿನದನ್ನು ನೀನು ಓದದಿದ್ದರೂ ಪರವಾಗಿಲ್ಲ. ಏಪ್ರಿಲ್ ಹದಿನಾರರ ಬೆಳಿಗ್ಗೆ ನನ್ನ ದನಿಯಲ್ಲಿ ಗಂಡಹೆಂಡತಿ ನೀವಿಬ್ಬರೂ ವಾಟ್ಸಾಪಿನಲ್ಲಿ ಕೇಳಿದ್ದೆಲ್ಲ ಸುಳ್ಳು. ಸಕ್ಕರೆ ಇದ್ದವರು ಇಂಜೆಕ್ಷನ್ ಹಾಕಿಸಿಕೊಳ್ಳಬಾರದು ಎಂಬುದು ಸುಳ್ಳು. ಅಡಿಕೆ ಬೇಯಿಸಿದ ಚೊಗರು ಬಿಸಿನೀರಿಗೆ ಬೆರೆಸಿ ಕುಡಿದರೆ ಗಂಟಲಲ್ಲೇ ರೋಗ ಸಾಯುತ್ತದೆ ಎಂಬುದು ಸುಳ್ಳು. ಜ್ವರ ಬಂದ ಏಳು ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಬೇಡಿ, ಹತ್ತಿದವರು ಇಳಿಯುವುದಿಲ್ಲ ಎಂಬುದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಷಣ್ಮುಖಪ್ಪನವರಿಗೆ ಜ್ವರ ಬಂದದ್ದು ಮೇ ಮೂರಕ್ಕೆ. ಪ್ರವೀಣ ನಿನ್ನ ಕೈ ಬಿಡಿಸಿಕೊಂಡು ಅಪ್ಪನನ್ನು ಕಾರಿನಲ್ಲಿ ಕೂರಿಸಿದ್ದು ಎಂಟನೆಯ ದಿನ. ದಾವಣಗೆರೆಯಲ್ಲಿ ಡಾಕ್ಟರು, "ನಾಲ್ಕು ದಿನ ಮುಂಚೆ ತಂದಿದ್ರೆ" ಎಂದು ಹೇಳಿದ್ದನ್ನು ಅವನು ನಿನಗೆ ಇವತ್ತಿಗೂ ಹೇಳಿಲ್ಲವಂತೆ. ಹೇಳಿದರೆ ನೀನು ನಿನ್ನನ್ನೇ ಬೈದುಕೊಳ್ಳುತ್ತೀಯ ಎಂದು ಸುಮ್ಮನಿದ್ದಾನೆ. ಅವನು ಕರೆದುಕೊಂಡು ಹೋದ ಎಂಟನೆಯ ದಿನದಿಂದ ನಿನ್ನ ಗಂಡ ಸಾಯಲಿಲ್ಲ ಪ್ರಮೀಳಾ, ಹಿಂದಿನ ಏಳು ದಿನದಿಂದ ಸತ್ತರು. ಆ ಏಳು ದಿನವನ್ನು ಓದಿ ಹೇಳಿದವಳು ನಾನು.

ಚನ್ನಗಿರಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾವಿಬ್ಬರೂ ಕೆಲಸಕ್ಕೆ ಸೇರಿದ ವರ್ಷ ನೆನಪಿದೆಯಾ? ನಮ್ಮ ಸೂಪರ್‌ವೈಸರ್ ಧರ್ಮಪ್ಪನವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬೆನ್ನ ಹಿಂದೆ ನಿಲ್ಲುತ್ತಿದ್ದರು. "ಲೈನ್ ಜೋಡ್ಸೋದು ನಿಮ್ಮ ಕೆಲ್ಸ, ಮಾತು ಸೇರ್ಸೋದಲ್ಲ. ತಂತಿ ಬಂದ್ರೆ ಬರ್ಕಂಡು ವಾಪಸ್ ಓದಿ ಹೇಳ್ರಿ, ಸರಿ ಐತಾ ಅಂತ ಕೇಳ್ರಿ. ಕಳ್ಸಿದೋರ ಹೆಸ್ರು ಇಲ್ದಿದ್ರೆ ಮುಟ್ಟಬ್ಯಾಡ್ರಿ." ನೀನು ಅವರ ನಡಿಗೆಯನ್ನು ಅನುಕರಿಸಿ ನನ್ನನ್ನು ನಗಿಸಿ, ನಾನು ಲೈನಿನಲ್ಲೇ ನಕ್ಕು, ಮೆಮೋ ತಿಂದದ್ದೂ ನಾನೇ. ಆಮೇಲೆ ನೀನು ಮದುವೆಯಾಗಿ ಜಗಳೂರಿಗೆ ವರ್ಗ ಮಾಡಿಸಿಕೊಂಡೆ. ನಾನು ಇಲ್ಲಿಯ ಬೋರ್ಡಿನಲ್ಲಿ, ನೀನು ಅಲ್ಲಿಯ ಬೋರ್ಡಿನಲ್ಲಿ. ಮದುವೆಗೆ ಮುಂಚೆ ಷಣ್ಮುಖಪ್ಪನವರು ಜಗಳೂರಿನ ತಮ್ಮ ಬಟ್ಟೆ ಅಂಗಡಿಯಿಂದ ನಿನಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರಲ್ಲ, ಮೂರು ನಿಮಿಷ ಮುಗಿದರೂ ನಾನು ಕತ್ತರಿಸುತ್ತಿರಲಿಲ್ಲ. ನಿಯಮ ಮುರಿದದ್ದು ಅದೊಂದೇ. ಮೂವತ್ತೇಳು ವರ್ಷದ ನೌಕರಿಯಲ್ಲಿ ಹೆಸರಿಲ್ಲದ ಒಂದು ತಂತಿಯನ್ನೂ ಮುಟ್ಟಲಿಲ್ಲ. ನಿವೃತ್ತಿಯಾದ ಮೇಲೆ ಮುಟ್ಟಿದೆ.

ನಮ್ಮ ಬೆಳಗಿನ ಗ್ರೂಪು ನಿನಗೆ ಗೊತ್ತೇ ಇದೆ, ನೀನೂ ಅದರಲ್ಲಿದ್ದವಳು. ಆದರೂ ಬರೆಯುತ್ತೇನೆ, ಬರೆದರೆ ನನಗೂ ಸ್ಪಷ್ಟವಾಗುತ್ತದೆ. ಹೋದ ವರ್ಷದ ಲಾಕ್‌ಡೌನಿನಲ್ಲಿ ಸೋಮವಾರದ ವಚನಗೋಷ್ಠಿ ನಿಂತಾಗ ನಾಲ್ಕು ತಾಲ್ಲೂಕಿನ ಹೆಂಗಸರು ವಾಟ್ಸಾಪಿನಲ್ಲಿ ಸೇರಿಕೊಂಡೆವು. ಓದಲು ಬರದವರಿದ್ದಾರೆ, ಕಣ್ಣು ಮಂಜಾದವರಿದ್ದಾರೆ, ನಿರ್ಮಲಕ್ಕನ ದನಿ ಚೆನ್ನಾಗಿದೆ, ಆಕೆಯೇ ಓದಲಿ ಅಂದರು. ದಿನಾ ಆರೂವರೆಗೆ ಒಂದು ವಚನ ಓದಿ ಕಳಿಸುತ್ತಿದ್ದೆ. ಆಮೇಲೆ ಯಾರದೋ ಗೃಹಪ್ರವೇಶ, ಯಾರದೋ ತಿಥಿ, ಅದನ್ನೂ ಓದಿದೆ. ಆಮೇಲೆ ಮನೆಮದ್ದು. ಎಲ್ಲದಕ್ಕೂ ಅದೇ ದನಿ, ಅದೇ ಹೊತ್ತು. ಇಷ್ಟಲಿಂಗ ಪೂಜೆಗೆ ಕೂತವರು ಮುಂದೆ ಫೋನ್ ಇಟ್ಟುಕೊಂಡು, ವಿಭೂತಿ ಹಚ್ಚಿಕೊಂಡು ಕೇಳುತ್ತಿದ್ದರು. ವಚನ ಎಲ್ಲಿ ಮುಗಿಯಿತು, ಮನೆಮದ್ದು ಎಲ್ಲಿ ಶುರುವಾಯಿತು ಎಂದು ಯಾರು ಬೇರೆ ಮಾಡುತ್ತಾರೆ? ನಾನೇ ಮಾಡಲಿಲ್ಲ. ಏಪ್ರಿಲ್ ಹದಿನಾರರ ಆ ಶುಕ್ರವಾರ ವಚನ ಮುಗಿಸಿ, ಉಸಿರು ತೆಗೆದುಕೊಂಡು, "ಇನ್ನೊಂದು ಮುಖ್ಯ ವಿಷಯ ಅಕ್ಕಂದಿರೇ" ಎಂದು ನನಗೆ ಬಂದಿದ್ದ ಬರಹವೊಂದನ್ನು ಓದಲು ಶುರುಮಾಡಿದೆ. ಎಪ್ಪತ್ತೆರಡು ಜನ ಕೈಮುಗಿದ ಚಿತ್ರ ಕಳಿಸಿದರು. ಎಣಿಸಿದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಎರಡು ಸಲ ಎಣಿಸಿದ್ದೆ.

ಮರುದಿನ ಷಣ್ಮುಖಪ್ಪನವರೇ ಫೋನ್ ಮಾಡಿದರು. "ನಮ್ಮ ಕಡೆ ಚೊಗರು ಎಲ್ಲಿ ಸಿಗ್ತೈತೆ ನಿರ್ಮಲಮ್ಮಾ? ಅಡಿಕೆ ಬೇಯ್ಸೋರು ನಿಮ್ಮೂರೋರು. ಒಂದು ಬಾಟ್ಲಿ ಕಳ್ಸಿಕೊಡ್ರಿ." ಇನ್ನೂ ಒಂದು ಮಾತು ಕೇಳಿದರು, ಅದು ಈಗ ಬೇಡ. ಅಡಿಕೆ ಬೇಯಿಸಿ ಉಳಿದ ಆ ಕೆಂಪು ಒಗರು ನೀರು ನಮ್ಮಲ್ಲಿ ಅಡಿಕೆಗೆ ಬಣ್ಣ ಕಟ್ಟಲು ಡ್ರಮ್ಮಿನಲ್ಲಿ ಇಟ್ಟಿರುತ್ತಾರೆ, ಮನುಷ್ಯರು ಕುಡಿದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಆದರೂ ಕೆರೆಬಿಳಚಿಯಿಂದ ತರಿಸಿ, ಸೋಸಿ, ಎರಡು ಬಾಟಲಿ ತುಂಬಿ, ಮೇಲೆ ಚೀಟಿ ಅಂಟಿಸಿ "ದಿನಕ್ಕೆ ಮೂರು ಸಲ" ಎಂದು ಬರೆದು ದಾವಣಗೆರೆಗೆ ಹೋಗುವ ವ್ಯಾನಿನಲ್ಲಿ ಕಳಿಸಿದೆ. ಆ ಬಾಟಲಿ ಇನ್ನೂ ನಿಮ್ಮ ಅಡುಗೆಮನೆಯಲ್ಲಿದೆ ಎಂದು ಪ್ರವೀಣ ಹೇಳಿದ. ಚೆಲ್ಲಿಬಿಡು.

ನನ್ನ ಮಗಳು ಪವಿತ್ರ ಆರೋಗ್ಯ ಕೇಂದ್ರದಲ್ಲಿ ನರ್ಸು, ನಿನಗೆ ಗೊತ್ತು. ಅವಳು ನಮ್ಮ ಗ್ರೂಪಿನಲ್ಲಿಲ್ಲ. ಮೇ ತಿಂಗಳಲ್ಲಿ ಒಬ್ಬ ಅಜ್ಜಿ ಇಂಜೆಕ್ಷನ್ ಬೇಡವೆಂದು ಕೈ ಕೊಡದೆ, "ನಿಮ್ಮ ದನಿಯಂಗೇ ಐತೆ ನೋಡವ್ವಾ, ಈಯಮ್ಮ ಹೇಳ್ಯಾಳೆ" ಎಂದು ಫೋನ್ ಹಚ್ಚಿ ಕೇಳಿಸಿದಳಂತೆ. ಪವಿತ್ರ ಮನೆಗೆ ಬಂದು ಸ್ನಾನ ಮಾಡಿ, ಬಾಗಿಲ ಬಳಿಯೇ ನಿಂತು, "ಅಮ್ಮಾ, ಅದು ನೀನೇನಾ?" ಎಂದು ಕೇಳಿದಳು. ಎರಡು ದಿನ ಅವಳೂ ನಾನೂ ಮಾತಾಡಲಿಲ್ಲ. ಜೂನಿನಲ್ಲಿ ಅವಳೆದುರೇ ಕೂತು ಗ್ರೂಪಿಗೆ ಮತ್ತೊಂದು ಧ್ವನಿ ಕಳಿಸಿದೆ, ಹಿಂದೆ ಓದಿದ್ದು ತಪ್ಪು, ಯಾರೂ ನಂಬಬೇಡಿ ಎಂದು. ಅದಕ್ಕೆ ಬಂದ ಕೈಮುಗಿದ ಚಿತ್ರ ನಾಲ್ಕು. ಆರು ಜನ ಗ್ರೂಪ್ ಬಿಟ್ಟು ಹೋದರು. ನಿನ್ನ ಫೋನು ಆಗಲೇ ಬೀರುವಿನಲ್ಲಿತ್ತು, ನೀನು ಕೇಳಲೇ ಇಲ್ಲ.

ಈ ಕಾಗದ ಇವತ್ತೇ ಅಂಚೆಗೆ ಹಾಕಬೇಕೆಂದಿದ್ದೆ. ಆದರೆ ಒಂದು ಕೆಲಸ ಬಾಕಿ ಉಳಿದಿದೆ. ನಾನು ಓದಿದ ಆ ಬರಹ ನನಗೆ ಬಂದದ್ದು ನಮ್ಮ ಗ್ರೂಪಿನಲ್ಲೇ ಇರುವ ಹೊನ್ನಾಳಿಯ ಅನ್ನಪೂರ್ಣಮ್ಮನಿಂದ. ಆಕೆಗೆ ಎಲ್ಲಿಂದ ಬಂತು? ಕೆಟ್ಟ ಲೈನನ್ನು ಒಂದೊಂದೇ ಊರು ಹಿಡಿದು ಹಿಂದಕ್ಕೆ ಹುಡುಕುತ್ತಿದ್ದೆವಲ್ಲ, ಹಾಗೆ ಹುಡುಕಿ ಬರುತ್ತೇನೆ. ಜಗಳೂರಿಗೆ ಬರಲು ಧೈರ್ಯವಿಲ್ಲದೆ ಹೊನ್ನಾಳಿಗೆ ಹೋಗುತ್ತಿದ್ದಾಳೆ ಎಂದು ನೀನು ಅಂದುಕೊಂಡರೆ ಅದೂ ಸರಿಯೇ.

ಹೊನ್ನಾಳಿ,
11-8-2021, ಬುಧವಾರ

ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಓಡಾಡಿದರೆ ಬೈಯಬೇಡ. ಎರಡು ಸಲ ಎದ್ದು ಓಡಾಡಿ ಬಂದೆ, ಕೂತಲ್ಲಿ ಕೂರಲಾಗುತ್ತಿಲ್ಲ.

ಅನ್ನಪೂರ್ಣಮ್ಮ ನನ್ನನ್ನು ಗುರುಗಳು ಬಂದಂತೆ ಬರಮಾಡಿಕೊಂಡಳು. ಕಾಲಿಗೆ ನೀರು, ಮಂಡಕ್ಕಿ, ಮೆಣಸಿನಕಾಯಿ, ಚಹಾ. ನಕ್ಕಾಗ ನೋಡಿದೆ, ಹಲ್ಲೆಲ್ಲ ಕೆಂಪು. ಎಲೆ ಅಡಿಕೆ ಹಾಕದ ಹೆಂಗಸು ಆಕೆ. "ದಿನಾ ಬೆಳಿಗ್ಗೆ ಒಂದು ಲೋಟ ಚೊಗರು ಕುಡೀತೀನಕ್ಕಾ, ನೀವು ಹೇಳಿದಾಗಿಂದ ಒಂದು ದಿನ ತಪ್ಪಿಸಿಲ್ಲ" ಎಂದಳು. ನಾನು ಚಹಾ ಕೆಳಗಿಟ್ಟು, ಅದು ಸುಳ್ಳು ಕಣವ್ವ, ಜೂನಿನಲ್ಲೇ ಹೇಳಿದ್ದೆನಲ್ಲ ಎಂದೆ. ಆಕೆಯ ಮುಖ ಕಳೆಗುಂದಿತು.

"ನೀವು ಓದಿದ್ರಿ, ನಾವು ಕೈಮುಗ್ದು ಕೇಳಿದ್ವಿ. ಈಗ ಸುಳ್ಳು ಅಂದ್ರೆ ಹೆಂಗ್ರಿ ಅಕ್ಕಾ? ನಾಳೆ ಬಂದು ವಚನಾನೂ ಸುಳ್ಳು ಅಂತೀರೇನು?"

ನನಗೆ ಸಿಟ್ಟು ಬಂತು, ಯಾಕೆ ಬಂತೋ ಗೊತ್ತಿಲ್ಲ, "ನಾನು ಓದಿದೆ, ಸರಿ, ನೀನ್ಯಾಕೆ ನನಗೆ ಕಳಿಸಿದೆ?" ಎಂದು ಜೋರು ಮಾಡಿದೆ. "ನಿಜಾನೋ ಸುಳ್ಳೋ ನಿಮಗೆ ಗೊತ್ತಿರ್ತೈತೆ ಅಂತ ಕಳ್ಸಿದೆ. ನೀವು ಓದ್ಲಿಲ್ಲ ಅಂದ್ರೆ ಸುಳ್ಳು ಅಂತ ಬಿಡ್ತಿದ್ದೆ. ನೀವು ಓದಿದ್ರಿ" ಎಂದಳು. ಆಮೇಲೆ ಆಕೆಯೇ ಫೋನ್ ತಂದು ಹುಡುಕಿ ತೋರಿಸಿದಳು. ನ್ಯಾಮತಿಯ ಸೀರೆ ಅಂಗಡಿ ಓಂಕಾರಪ್ಪನ ನಂಬರು. ಹೊಸ ಸೀರೆ ಬಂದಾಗೆಲ್ಲ ಅವನು ಗಿರಾಕಿಗಳಿಗೆ ಫೋಟೋ ಕಳಿಸುತ್ತಾನಂತೆ. ಇಳಕಲ್ ಸೀರೆಯ ಎಂಟು ಫೋಟೋ, ಅದರ ಕೆಳಗೆ ಈ ಬರಹ.

ಹೊರಡುವಾಗ ಆಕೆ ಕುಂಕುಮ ಕೊಡಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ. ಗಂಡ ಹೋದ ನನಗೆ ಆಕೆ ಪ್ರತಿ ಸಲ ಹಠ ಮಾಡಿ ಕೊಡುತ್ತಿದ್ದಳು. ಈ ಓಂಕಾರಪ್ಪನ ಹೆಸರು ಎಲ್ಲೋ ಕೇಳಿದ ಹಾಗಿದೆ. ಬಸ್ಸು ಬಂತು.

ನ್ಯಾಮತಿ,
12-8-2021, ಗುರುವಾರ

ನಿನ್ನೆ ಅಂಗಡಿ ಮುಚ್ಚಿತ್ತು. ಪರಿಚಯದವರ ಮನೆಯಲ್ಲಿ ಉಳಿದು ಇವತ್ತು ಬೆಳಿಗ್ಗೆ ಹೋದೆ. ಪ್ರಮೀಳಾ, ಇಲ್ಲಿ ಗೊತ್ತಾದದ್ದನ್ನು ಹೇಗೆ ಬರೆಯಬೇಕೆಂದು ತಿಳಿಯುತ್ತಿಲ್ಲ. ಬಂದ ಹಾಗೆ ಬರೆಯುತ್ತೇನೆ.

ಅಂಗಡಿಯಲ್ಲಿ ಸೂರಗೊಂಡನಕೊಪ್ಪದ ಕಡೆಯ ಒಬ್ಬ ಹೆಂಗಸು ಸೀರೆ ನೋಡುತ್ತಿದ್ದಳು, ಹುಲಿಗೆಮ್ಮ ಅಂತ. ನಾನು ಓಂಕಾರಪ್ಪನನ್ನು ಮಾತಾಡಿಸಿದ್ದೇ ತಡ, ಆಕೆ ಸೀರೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಅಯ್ಯೋ, ದಾವಣಗೆರೆ ಡಾಕ್ಟ್ರಮ್ಮ ಅಲ್ಲೇನ್ರಿ ನೀವು? ಚೊಗರು ಕುಡೀರಿ ಅಂದೋರು!" ನನ್ನ ದನಿಯಿಂದ ವಚನ ಕತ್ತರಿಸಿ, ಮೇಲೆ "ಡಾಕ್ಟರ್ ಮಾತು" ಎಂದು ಬರೆದು ಯಾರೋ ಹಂಚಿದ್ದಾರೆ. ನಾನು ಡಾಕ್ಟರಲ್ಲ, ಟೆಲಿಫೋನಿನವಳು, ನಾನು ಹೇಳಿದ್ದು ಸುಳ್ಳು ಎಂದೆ. "ಹಂಗಾದ್ರೆ ಇಂಜೆಕ್ಷನ್ ಹಾಕಿಸ್ಕಂಡ್ರೆ ಏನೂ ಆಗಂಗಿಲ್ಲಾ?" ಎಂದು ಕೇಳಿದಳು. ನಾನೂ ಎರಡೂ ಹಾಕಿಸಿಕೊಂಡಿದ್ದೇನೆ, ನೋಡು, ಗಟ್ಟಿಯಾಗಿ ನಿಂತಿದ್ದೇನೆ ಎಂದು ತೋಳು ತೋರಿಸಿದೆ. "ಹೇಳಾಕೆ ಇಷ್ಟು ದಿನ ಬೇಕಾತೇನ್ರಿ ನಿಮಗೆ?" ಎಂದು ಬಾಯಿ ತುಂಬ ಬೈದು, ಸೀರೆ ತೆಗೆದುಕೊಳ್ಳದೆ ಎದ್ದು ಹೋದಳು. ಆಸ್ಪತ್ರೆ ಕಡೆಗೇ ಹೋದಳೆಂದು ಓಂಕಾರಪ್ಪ ಹೇಳಿದ. ಅಷ್ಟು ಬೈಗುಳ ತಿಂದೂ ಮನಸ್ಸಿಗೆ ಹಿತವಾದದ್ದು ಇದೇ ಮೊದಲು.

ಓಂಕಾರಪ್ಪ ಯಾರೆಂದು ನಿನಗೆ ಈಗಾಗಲೇ ಗೊತ್ತಾಗಿರಬೇಕು. ನಿಮ್ಮ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿ, ಆಮೇಲೆ ಷಣ್ಮುಖಪ್ಪನವರೇ ಮುಂದೆ ನಿಂತು ಅಂಗಡಿ ಹಾಕಿಸಿಕೊಟ್ಟ ಓಂಕಾರಪ್ಪ. ಗೋಡೆಯ ಮೇಲೆ ನಿಮ್ಮ ಯಜಮಾನರ ಫೋಟೋ, ಹೂವಿನ ಹಾರ.

ಆ ಬರಹ ನಿನಗೆ ಎಲ್ಲಿಂದ ಬಂತಪ್ಪ ಎಂದು ಕೇಳಿದೆ. ಅವನು ಫೋನ್ ತೆಗೆದು ನನ್ನ ಕೈಗೇ ಕೊಟ್ಟ. "ನೀವೇ ನೋಡ್ರಿ ಅಕ್ಕಾ. ಯಾರಿಗೂ ತೋರಿಸಿಲ್ಲ ಇದನ್ನ."

ಬಂದದ್ದು ಜಗಳೂರಿಂದ, ಏಪ್ರಿಲ್ ಹದಿನಾಲ್ಕಕ್ಕೆ, ನಿನ್ನ ಗಂಡನ ನಂಬರಿನಿಂದ. ಅವರಿಗೆ ಯಾರು ಕಳಿಸಿದರೋ ಗೊತ್ತಿಲ್ಲ, ಮುಂದೆ ಲೈನು ಸಿಗುವುದಿಲ್ಲ. ಆದರೆ ಆ ಬರಹದ ಕೆಳಗೆ, ಎರಡು ನಿಮಿಷ ಬಿಟ್ಟು, ಅವರು ತಾವೇ ಇನ್ನೊಂದು ಸಾಲು ಬರೆದಿದ್ದರು: "ಇದು ನಿಜವಾ ಓಂಕಾರ? ನನಗೆ ಅನುಮಾನ. ತಿಳಿದವರನ್ನ ಕೇಳಿ ಹೇಳು."

ಅವರು ನಂಬಿರಲಿಲ್ಲ ಪ್ರಮೀಳಾ. ಕೇಳಿದ್ದರು.

"ಸಾಹುಕಾರ್ರು ಕಳ್ಸ್ಯಾರೆ ಅಂದ ಮ್ಯಾಲೆ ನಿಜಾನೇ ಅಂತ ನಾನು ಬಂದ ತಕ್ಷಣ ಎಲ್ರಿಗೂ ಕಳ್ಸಿಬಿಟ್ಟೆ ಅಕ್ಕಾ. ಕೆಳಗಿನ ಸಾಲು ಆಮ್ಯಾಲೆ ಬಂತು. ನೋಡೋ ಹೊತ್ಗೆ ಹೋಗಿಬಿಟ್ಟಿತ್ತು. ಮೂರ್ನೇ ದಿನ ಅವ್ರೇ ಫೋನ್ ಮಾಡಿ, 'ನಿಜ ಐತಂತೆ ಓಂಕಾರ, ಚನ್ನಗಿರಿ ನಿರ್ಮಲಮ್ಮನೇ ಓದ್ಯಾರೆ' ಅಂದ್ರು. ನಾನು ಅಬ್ಬಾ ಅಂದ್ಕಂಡೆ." ಇಷ್ಟು ಹೇಳಿ ಅವನು ಗಿರಾಕಿಗಳ ಎದುರೇ ಅತ್ತ.

ಬರಹ ಮುಂದೆ ಹೋಯಿತು, ಪ್ರಶ್ನೆ ನ್ಯಾಮತಿಯಲ್ಲೇ ಉಳಿಯಿತು. ಜಗಳೂರಿಂದ ನ್ಯಾಮತಿ, ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ಚನ್ನಗಿರಿ. ಅವರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಎರಡು ದಿನದಲ್ಲಿ ನನ್ನ ದನಿ ಅವರ ಮನೆಗೇ ವಾಪಸ್ ಬಂತು. ವಾಪಸ್ ಓದಿ, ಸರಿ ಐತಾ ಅಂತ ಕೇಳ್ರಿ ಎಂದು ಧರ್ಮಪ್ಪನವರು ಬಡಕೊಂಡದ್ದು ಇದಕ್ಕೇ. ನಾನು ಅನ್ನಪೂರ್ಣಮ್ಮನನ್ನು ಒಂದು ಮಾತು ಕೇಳಿದ್ದರೆ, ಆಕೆ ಓಂಕಾರಪ್ಪನನ್ನು ಕೇಳಿದ್ದರೆ, ಒಂದು ಗಂಟೆಯ ಕೆಲಸವಾಗಿತ್ತು.

ಇದನ್ನು ನಿನಗೆ ಹೇಳದೆ ಮುಚ್ಚಿಡಬಹುದಿತ್ತು. ಆದರೆ ನಿನ್ನ ಮಗನಿಗಾಗಿ ಹೇಳುತ್ತಿದ್ದೇನೆ. ಅಪ್ಪನಿಗೆ ಆಸ್ಪತ್ರೆ ಬೇಡವಾಗಿತ್ತು, ಮಗ ಹಠ ಮಾಡಿ ಎಳೆದೊಯ್ದ ಎಂದು ನೀನು ತಿಳಿದಿದ್ದೀಯ. ಅಪ್ಪನಿಗಿದ್ದ ಅನುಮಾನವೇ ಮಗನಿಗೂ ಇತ್ತು. ಅಪ್ಪ ಕೇಳಿ ಸುಮ್ಮನಾದರು, ಮಗ ಸುಮ್ಮನಾಗಲಿಲ್ಲ. ಅಷ್ಟೇ ವ್ಯತ್ಯಾಸ. ಅವನನ್ನು ಮಾತಾಡಿಸು. ದಮ್ಮಯ್ಯ ಅನ್ನುತ್ತೇನೆ, ಇವತ್ತೇ ಮಾತಾಡಿಸು.

ಜಗಳೂರು,
16-8-2021, ಸೋಮವಾರ

ಬಂದೇಬಿಟ್ಟೆ. ಆಸ್ಪತ್ರೆಯ ಆವರಣದಲ್ಲಿ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತಿದ್ದೇನೆ. ಬೆಳಿಗ್ಗೆ ಬಸ್ಸಿಳಿದು ನಿಮ್ಮ ಬೀದಿಯ ತುದಿಯವರೆಗೆ ಬಂದಿದ್ದೆ. ನೀನು ಹಿತ್ತಿಲಿಂದ ಬಿಂದಿಗೆ ನೀರು ಎತ್ತಿಕೊಂಡು ಬಂದು ಅಂಗಳಕ್ಕೆ ಚಿಮುಕಿಸುತ್ತಿದ್ದೆ. ಸೊರಗಿದ್ದೀಯ ಕಣೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುವ ರೀತಿ ಮಾತ್ರ ಹಾಗೇ ಇದೆ. ಕರೆಯದೆಯೇ ವಾಪಸ್ ನಡೆದು ಬಂದೆ.

ಪ್ರವೀಣ ಬಂದಿದ್ದಾನೆ, ಪಕ್ಕದಲ್ಲೇ ನಿಂತಿದ್ದಾನೆ. ಈ ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಅವನು ಓದಿಲ್ಲ, ಓದುವುದೂ ಇಲ್ಲ, ನೀನೇ ಓದಬೇಕು. ಜೊತೆಗೊಂದು ಡಬ್ಬಿ ಇದೆ. ಈ ವರ್ಷ ನಿಮ್ಮಲ್ಲಿ ಹಬ್ಬವಿಲ್ಲ, ಒಲೆಗೆ ಪಾಕದ ಪಾತ್ರೆ ಇಡುವ ಹಾಗಿಲ್ಲ ಎಂದು ಪಂಚಮಿಗೆ ನಾನೇ ಎಳ್ಳುಂಡೆ, ಶೇಂಗಾ ಉಂಡೆ ಕಟ್ಟಿದೆ. ಬೆಲ್ಲದ ಪಾಕಕ್ಕೆ ಕೈ ಸುಟ್ಟುಕೊಂಡೆ, ನೀನಿದ್ದಿದ್ದರೆ ನನ್ನನ್ನು ಒಲೆಯ ಹತ್ತಿರ ಬಿಡುತ್ತಲೇ ಇರಲಿಲ್ಲ. ಸಕ್ಕರೆ ಕಾಯಿಲೆಯವಳು ಒಂದೇ ಒಂದು ತಿನ್ನಬೇಕು, ಉಳಿದದ್ದು ಪ್ರವೀಣನಿಗೆ. ಎರಡನೆಯದಕ್ಕೆ ಕೈ ಹಾಕಿದರೆ ಅವನು ನನಗೆ ಹೇಳುತ್ತಾನೆ.

ಇವತ್ತು ಇಲ್ಲಿ ನಾಲ್ಕರವರೆಗೆ ಇಂಜೆಕ್ಷನ್ ಹಾಕುತ್ತಾರೆ. ನಿನ್ನ ಸಕ್ಕರೆಯ ಚೀಟಿಯನ್ನು ಪ್ರವೀಣ ಇಲ್ಲಿಯ ಡಾಕ್ಟರಿಗೆ ತೋರಿಸಿದ್ದಾನೆ. "ಸಕ್ಕರೆ ಇದ್ದೋರೇ ಮೊದ್ಲು ಹಾಕಿಸ್ಕಬೇಕ್ರಿ, ಕರ್ಕಂಡು ಬರ್ರಿ" ಎಂದಿದ್ದಾರೆ. ನನ್ನ ಎದುರೇ ಎಂದರು, ಎರಡು ಸಲ ಕೇಳಿ, ವಾಪಸ್ ಹೇಳಿ ಖಾತ್ರಿ ಮಾಡಿಕೊಂಡೆ. ಅವರಿಗೆ ಬೇಸರ ಬಂದಿರಬೇಕು.

ಬಾ. ನನ್ನ ಮಾತು ನಂಬಿ ಬರಬೇಡ, ಡಾಕ್ಟರ ಮಾತು ನಂಬಿ ಬಾ. ಮಗನ ಕೈ ಹಿಡಿದುಕೊಂಡು ಬಾ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿಸುತ್ತಾರೆ. ನನ್ನ ಪಕ್ಕವೇ ಕೂರಬೇಕೆಂದೇನಿಲ್ಲ, ಆಚೆ ಗೋಡೆಯ ಬಳಿ ಇನ್ನೊಂದು ಬೆಂಚಿದೆ. ಮಾತಾಡಿಸಲೂ ಬೇಡ. ನೀನು ಬಂದು ಹೋದದ್ದನ್ನು ನೋಡಿಕೊಂಡು ನಾಲ್ಕೂವರೆ ಬಸ್ಸಿಗೆ ಹೋಗುತ್ತೇನೆ. ನೀನು ಬರದಿದ್ದರೆ ನಾಳೆ ಮತ್ತೆ ಬರುತ್ತೇನೆ, ನಾಡಿದ್ದೂ ಬರುತ್ತೇನೆ. ಬಸ್ಸಿನವರಿಗೂ ಬೇಸರ ಬರುವವರೆಗೆ ಬರುತ್ತೇನೆ.

ನಿನಗಿಂತ ಎರಡು ವರ್ಷ ದೊಡ್ಡವಳು. ಬೇರೇನೂ ಉಳಿಯದಿದ್ದರೂ ಆ ಹಕ್ಕು ಉಳಿದಿದೆ. ಅದರಿಂದಲೇ ಹರಸುತ್ತೇನೆ. ಗಟ್ಟಿಯಾಗಿರು, ನೂರು ವರ್ಷ ಇರು, ಮಗ ಸೊಸೆ ತರುವುದನ್ನು ನೋಡು, ಸೊಸೆಯ ಜೊತೆ ಚೆನ್ನಾಗಿ ಜಗಳವಾಡು.

ಕಳಿಸಿದವಳು,
ನಿರ್ಮಲಾ
ನಿವೃತ್ತ ಟೆಲಿಫೋನ್ ಆಪರೇಟರ್, ಚನ್ನಗಿರಿ

ತಾ.ಕ.: ಪ್ರವೀಣನನ್ನು ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡಿದ್ದೇನೆ. ಚೊಗರು ಕೇಳಲು ಫೋನ್ ಮಾಡಿದಾಗ ಷಣ್ಮುಖಪ್ಪನವರು ಇನ್ನೊಂದು ಮಾತು ಕೇಳಿದರು, ಅದು ಈಗ ಬೇಡ ಎಂದು ಬರೆದಿದ್ದೆನಲ್ಲ. ಹೊನ್ನಾಳಿಯಲ್ಲಿ ಬರೆಯಬೇಕೆಂದಿದ್ದೆ, ನ್ಯಾಮತಿಯಲ್ಲಿ ಬರೆಯಬೇಕೆಂದಿದ್ದೆ, ಆಗಲಿಲ್ಲ.

ಯುಗಾದಿ ಮುಗಿದ ಎರಡನೆಯ ದಿನ, ಏಪ್ರಿಲ್ ಹದಿನೈದಕ್ಕೆ, ಪವಿತ್ರ ನನ್ನನ್ನು ಕರೆದೊಯ್ದು ಮೊದಲ ಇಂಜೆಕ್ಷನ್ ಹಾಕಿಸಿದಳು. "ಅಮ್ಮಾ, ನಿಮ್ಮ ಗ್ರೂಪಲ್ಲಿ ಹೇಳು, ನೀನು ಹೇಳಿದರೆ ಎಲ್ಲರೂ ಹಾಕಿಸ್ಕತಾರೆ" ಎಂದಳು. ಹೂಂ ಎಂದೆ. ಮರುದಿನ ಬೆಳಿಗ್ಗೆ ಹಾಕಿಸಿಕೊಳ್ಳಬೇಡಿ ಎಂದು ಓದಿದವಳು ಅದೇ ನಾನು. ಎಡತೋಳು ಊದಿಕೊಂಡಿತ್ತು, ಬಲಗೈಯಲ್ಲಿ ಫೋನ್ ಹಿಡಿದು ಓದಿದೆ. ನಂಬಿ ಓದಲಿಲ್ಲ. ಎಲ್ಲರಿಗೂ ಅದೇ ಬೇಕಾಗಿತ್ತು, ಎಲ್ಲರೂ ಕೈಮುಗಿಯುತ್ತಾರೆ ಎಂದು ಓದಿದೆ.

ಅದರ ಮರುದಿನ ಫೋನಿನಲ್ಲಿ ನಿನ್ನ ಗಂಡ, ಚೊಗರಿನ ಮಾತು ಮುಗಿದ ಮೇಲೆ, ಕೇಳಿದರು: "ಒಂದು ನಿಜ ಹೇಳ್ರಿ ನಿರ್ಮಲಮ್ಮಾ. ನೀವು ಹಾಕಿಸ್ಕಂಡ್ರಾ?"

ತೋಳು ಇನ್ನೂ ನೋಯುತ್ತಿತ್ತು. ಇಲ್ಲ ಎಂದೆ.

ಅವರು ನಕ್ಕರು. "ಹಂಗಾದ್ರೆ ನಾನೂ ಹಾಕಿಸ್ಕಳಲ್ಲ ಬಿಡ್ರಿ" ಎಂದರು.